14 ಜನಕ್ಕೆ ರಿಕ್ವೆಸ್ಟ್ ಕಳಿಸಿದೆ, ಒಬ್ಬರೇ ಒಪ್ಪಿದರು. ಆ ಒಬ್ಬರ ಮೇಲೇ ಅನುಮಾನ!

ಒಂಟಿಚೀಲ ಕೇಳಿದ್ದು:

ಎಲ್ಲರಿಗೂ ನಮಸ್ಕಾರ. ಮುಂದಿನ ತಿಂಗಳು 3 ವಾರ ರಜೆ ಸಿಕ್ಕಿದೆ. ಮೊದಲ ಸಲ ಒಬ್ಬಳೇ ಹೊರಟಿದ್ದೇನೆ. ವಯಸ್ಸು 27. ಹೊರದೇಶದಲ್ಲಿ ಒಟ್ಟು 5 ಊರು ಸುತ್ತುವ ಯೋಚನೆ ಇದೆ. ಲೆಕ್ಕ ಹಾಕಿ ನೋಡಿದರೆ ಇಟ್ಟ ದುಡ್ಡಿನಲ್ಲಿ ಅರ್ಧ ರೂಮ್ ಬಾಡಿಗೆಗೇ ಹೋಗುತ್ತದೆ. ಆಯಾ ಊರಿನವರು ತಮ್ಮ ಮನೆಯಲ್ಲೇ ಪುಕ್ಕಟೆ ಇರಿಸಿಕೊಳ್ಳುವ ವ್ಯವಸ್ಥೆ ಇದೆ ಅಂತ ಗೆಳತಿ ಹೇಳಿದಳು. ಒಂದು ವೆಬ್‌ಸೈಟಿನಲ್ಲಿ ಹೆಸರು ಹಾಕಿಕೊಂಡು 14 ಜನಕ್ಕೆ ಬರೆದೆ.

11 ಜನ ಉತ್ತರವನ್ನೇ ಕೊಟ್ಟಿಲ್ಲ. ಇಬ್ಬರು ‘ಸಾರಿ, ಆ ದಿನ ಆಗಲ್ಲ’ ಅಂದರು. ಒಬ್ಬರು ಮಾತ್ರ ಹತ್ತೇ ನಿಮಿಷದಲ್ಲಿ ‘ಬಾ, ಎಷ್ಟು ದಿನ ಬೇಕಾದರೂ ಇರು, ನಿನ್ನ ನಂಬರ್ ಕಳಿಸು’ ಅಂದರು. ಖುಷಿ ಆಗಬೇಕಿತ್ತು. ಆಗಲಿಲ್ಲ.

ನಾನು ಕಳಿಸಿದ್ದು ಇದು: “ನಮಸ್ಕಾರ. 12ರಿಂದ 17ರವರೆಗೆ ನಿಮ್ಮ ಊರಿಗೆ ಬರುತ್ತಿದ್ದೇನೆ. ಉಳಿಯಲು ಜಾಗ ಹುಡುಕುತ್ತಿದ್ದೇನೆ. ನಾನು ಶಿಸ್ತಿನವಳು, ಸ್ನೇಹಜೀವಿ. ಹೊಸ ಜನರನ್ನು ಭೇಟಿ ಮಾಡುವುದು ಇಷ್ಟ. ದಯವಿಟ್ಟು ಅವಕಾಶ ಕೊಡಿ.”

ತಪ್ಪು ಎಲ್ಲಿದೆ? ಆ ಹತ್ತು ನಿಮಿಷದವರ ಮನೆಗೆ ಹೋಗಬಹುದಾ? ಇನ್ನೊಂದು ವಿಷಯ. ಅಮ್ಮನಿಗೆ ‘ಫ್ರೆಂಡ್ ಮನೆ’ ಅಂತ ಹೇಳಿದ್ದೇನೆ. ಅದೊಂದು ಮನಸ್ಸಿನಲ್ಲಿ ಕೊರೆಯುತ್ತಿದೆ.

ನೇರಮಾತು ಉತ್ತರಿಸಿದ್ದು:

ಇಷ್ಟು ಒದ್ದಾಡುವ ಬದಲು ಪ್ರವಾಸಿಗರ ಹಾಸ್ಟೆಲ್‌ನಲ್ಲಿ ಒಂದು ಬೆಡ್ ಬುಕ್ ಮಾಡಿ. ಗುರುತಿಲ್ಲದವರ ಬಾಗಿಲು ತಟ್ಟುವುದನ್ನು ಈಗ ಸಾಹಸ ಅನ್ನುತ್ತಾರೆ. ನಮ್ಮ ಕಾಲದಲ್ಲಿ ಜಿಪುಣತನ ಅನ್ನುತ್ತಿದ್ದರು.

ದಿವಾನ್‌ಕಾಟ್ ಉತ್ತರಿಸಿದ್ದು:

ನೇರಮಾತು ಅವರೇ, ಜಿಪುಣರು ಇದ್ದಾರೆ, ಇಲ್ಲ ಅನ್ನಲ್ಲ. ನಮ್ಮ ಮನೆಗೂ ಬಂದಿದ್ದಾರೆ. ಅದಕ್ಕೆ ಆಮೇಲೆ ಬರುತ್ತೇನೆ.

ನಾನು ಎರಡೂ ಕಡೆ ಇದ್ದವನು. ಬೇರೆಯವರ ಹಾಲ್‌ನಲ್ಲಿ ಮಲಗಿದ್ದೇನೆ, ನಮ್ಮ ಹಾಲ್‌ನಲ್ಲಿ ಮಲಗಿಸಿದ್ದೇನೆ. 11 ವರ್ಷದಲ್ಲಿ ನಮ್ಮ ದಿವಾನ್ ಮೇಲೆ ಮಲಗಿ ಹೋದವರು 60 ಜನರ ಮೇಲೆ. ನಾನು ಬೇಡ ಅಂದವರು ಅದರ ಹತ್ತು ಪಟ್ಟು ಇರಬಹುದು. ಹಾಗಾಗಿ ಬೇಡ ಅನ್ನುವವನ ತಲೆಯಲ್ಲಿ ಏನು ಓಡುತ್ತದೆ ಅಂತ ಹೇಳಬಲ್ಲೆ.

ನಿಮ್ಮ ಪತ್ರ ನನಗೆ ಬಂದಿದ್ದರೆ ನಾನೂ ಸುಮ್ಮನಿರುತ್ತಿದ್ದೆ. ಬೇಜಾರು ಮಾಡಿಕೊಳ್ಳಬೇಡಿ. ಅದರಲ್ಲಿ ನನ್ನ ಹೆಸರಿಲ್ಲ. ಯಾರಿಗೆ ಬೇಕಾದರೂ ಹೋಗಬಹುದಾದ ಪತ್ರ ಅದು. 14 ಜನಕ್ಕೂ ಅದೇ ಹೋಗಿದೆ ಅಲ್ವಾ? ‘ಸ್ನೇಹಜೀವಿ’ ಅಂತ ಎಲ್ಲರೂ ಬರೆಯುತ್ತಾರೆ. ನಾನು ಜಗಳಗಂಟ ಅಂತ ಬರೆದವರನ್ನು ಇನ್ನೂ ನೋಡಿಲ್ಲ.

ನಿಮ್ಮ ಪತ್ರ ಓದುವ ಹೊತ್ತಿನಲ್ಲಿ ನಾನು ಹೇಗಿರುತ್ತೇನೆ ಅಂತ ಕಣ್ಣ ಮುಂದೆ ತಂದುಕೊಳ್ಳಿ. ಕೆಲಸ ಮುಗಿಸಿ ಬಂದು ಕಾಲು ಚಾಚಿ ಕೂತಿದ್ದೇನೆ. ಮೊಬೈಲ್‌ನಲ್ಲಿ 4 ರಿಕ್ವೆಸ್ಟ್ ಇವೆ. ಪಕ್ಕದಲ್ಲಿ ಹೆಂಡತಿ. ಅವಳು ಕೇಳುವುದು ಎರಡೇ ಪ್ರಶ್ನೆ: “ಯಾರದು? ಎಷ್ಟು ದಿನ?” ಈ ಎರಡಕ್ಕೂ ನನ್ನ ಬಾಯಲ್ಲಿ ಉತ್ತರ ಇರಬೇಕು. ‘ಶಿಸ್ತಿನವಳಂತೆ, 5 ರಾತ್ರಿಯಂತೆ’ ಅಂದರೆ ಅವಳು ನನ್ನ ಮುಖ ನೋಡುತ್ತಾಳೆ. ‘ಶಾಲೆಯಲ್ಲಿ ಗಣಿತ ಹೇಳಿಕೊಡುವ ಹುಡುಗಿ, ಮೊದಲ ಸಲ ಒಬ್ಬಳೇ ಹೊರಟಿದ್ದಾಳೆ, ಎರಡು ರಾತ್ರಿ ಸಾಕಂತೆ’ ಅಂದರೆ ಮಾತು ಮುಂದುವರಿಯುತ್ತದೆ. ನೀವು ಗಣಿತ ಹೇಳಿಕೊಡುತ್ತೀರೋ ಇಲ್ಲವೋ ನನಗೆ ಗೊತ್ತಿಲ್ಲ. ಗೊತ್ತಾಗುವ ಹಾಗೆ ನೀವು ಬರೆದಿಲ್ಲ, ಅದೇ ತೊಂದರೆ. ನೀವು ಬರೆಯಬೇಕಾದ್ದು ನನಗಲ್ಲ. ಪಕ್ಕದಲ್ಲಿ ಕೂತವರಿಗೆ ನಾನು ಏನು ಹೇಳಲಿ ಅನ್ನುವುದನ್ನು ಬರೆಯಿರಿ.

ಇದುವರೆಗೆ ಬಂದದ್ದರಲ್ಲಿ ಒಳ್ಳೆಯ ಪತ್ರ ಯಾವುದು ಅಂದರೆ ಹೀಗಿತ್ತು. ನನ್ನ ಪ್ರೊಫೈಲಿನ ಕೊನೆಯಲ್ಲಿ ‘ಹಾಲ್‌ನಲ್ಲಿ ಒಂದು ನಿಂತುಹೋದ ಗೋಡೆ ಗಡಿಯಾರ ಇದೆ’ ಅಂತ ಸುಮ್ನೆ ಬರೆದಿದ್ದೆ. ಅದನ್ನು ಓದಿದ ಒಬ್ಬ ಹುಡುಗ, “ನಮ್ಮ ಅಜ್ಜ ಗಡಿಯಾರ ರಿಪೇರಿ ಮಾಡುತ್ತಿದ್ದರು, ಸ್ವಲ್ಪ ಕಲಿತಿದ್ದೇನೆ, ಒಂದು ಕೈ ನೋಡಲಾ?” ಅಂತ ಕೇಳಿದ. ಅದೇ ರಾತ್ರಿ ಒಪ್ಪಿದೆವು. ಬಂದ, ಬಿಚ್ಚಿದ, ಮತ್ತೆ ಜೋಡಿಸಿದ. ಎರಡು ಸ್ಕ್ರೂ ಉಳಿದವು. ಗಡಿಯಾರ ಇವತ್ತಿಗೂ ನಿಂತೇ ಇದೆ. ಆ ಹುಡುಗನ ಜೊತೆ ಇವತ್ತಿಗೂ ಮಾತಿದೆ.

11 ಜನ ಉತ್ತರ ಕೊಡದೇ ಇದ್ದದ್ದಕ್ಕೆ ನಿಮ್ಮ ಪತ್ರವೊಂದೇ ಕಾರಣ ಅಲ್ಲ. ಹೀಗೆ ಪುಕ್ಕಟೆ ಮನೆ ಹುಡುಕಿಕೊಡುವ ಕೌಚ್‌ಸರ್ಫಿಂಗ್ ಅನ್ನುವ ವೆಬ್‌ಸೈಟ್ 2020ರ ಮೇ ತಿಂಗಳಲ್ಲಿ ಸದಸ್ಯರಿಂದ ದುಡ್ಡು ಕೇಳಲು ಶುರು ಮಾಡಿತು. ಅದುವರೆಗೆ ಪುಕ್ಕಟೆ ಮನೆ ಬಿಟ್ಟುಕೊಡುತ್ತಿದ್ದವರು ‘ನಾವೇ ದಿವಾನ್ ಕೊಟ್ಟು ನಾವೇ ಫೀಸ್ ಕಟ್ಟಬೇಕಾ?’ ಅಂತ ಎಷ್ಟೋ ಜನ ಎದ್ದು ಹೋದರು. ಅಂಥ ಕಡೆ ಪ್ರೊಫೈಲ್ ಇರುತ್ತದೆ, ಮನುಷ್ಯ ಇರುವುದಿಲ್ಲ. ಕೊನೆಯ ಸಲ ಯಾವಾಗ ಲಾಗಿನ್ ಆಗಿದ್ದಾರೆ, ಕೊನೆಯ ರೆಫರೆನ್ಸ್ (ಉಳಿದವರು, ಉಳಿಸಿಕೊಂಡವರು ಒಬ್ಬರ ಬಗ್ಗೆ ಒಬ್ಬರು ಬರೆಯುವ ಮಾತು) ಯಾವ ವರ್ಷದ್ದು ಅಂತ ಮೊದಲು ನೋಡಿ. ಎರಡು ವರ್ಷದಿಂದ ಕಾಲಿಡದವರಿಗೆ ಬರೆದರೆ ಖಾಲಿ ಮನೆಯ ಕಾಲಿಂಗ್ ಬೆಲ್ ಒತ್ತಿದ ಹಾಗೆ.

ಇಂಥ ಬೇರೆ ವೆಬ್‌ಸೈಟುಗಳನ್ನೂ ನೋಡಿ. ಬಿವೆಲ್‌ಕಮ್ 2007ರಿಂದ ಇದೆ. ಸ್ವಯಂಸೇವಕರು ನಡೆಸುತ್ತಾರೆ, ದುಡ್ಡಿಲ್ಲ. ಟ್ರಸ್ಟ್‌ರೂಟ್ಸ್ 2014ರದ್ದು, ಅದೂ ಪುಕ್ಕಟೆ. ಜನ ಕಡಿಮೆ, ಆದರೆ ಇರುವವರಿಗೆ ಇದರಲ್ಲಿ ಮನಸ್ಸಿದೆ.

ಎಲ್ಲಕ್ಕಿಂತ ಹಳೆಯದು ಸರ್ವಾಸ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ ಡೆನ್ಮಾರ್ಕ್‌ನಲ್ಲಿ ಶುರುವಾದದ್ದು. ಬಾಬ್ ಲುಯಿಟ್‌ವೈಲರ್ ಅನ್ನುವ ಅಮೆರಿಕನ್ ಮತ್ತು ಅವರ ಜೊತೆಯವರು ಕಟ್ಟಿದ್ದು. ಒಬ್ಬರ ಮನೆಯಲ್ಲಿ ಇನ್ನೊಬ್ಬರು ಉಂಡು ಮಲಗಿದರೆ ನಾಳೆ ಕೋವಿ ಹಿಡಿಯುವುದು ಕಷ್ಟ ಅನ್ನುವುದು ಅವರ ಲೆಕ್ಕಾಚಾರ ಅಂತ ನಾನು ತಿಳಿದುಕೊಂಡಿದ್ದೇನೆ. ಅಲ್ಲಿ ಹೊರಡುವ ಮುಂಚೆ ನಿಮ್ಮನ್ನು ಕೂರಿಸಿ ಮಾತಾಡಿಸಿ ಒಂದು ಪರಿಚಯ ಪತ್ರ ಕೊಡುತ್ತಾರೆ. ಉಳಿಯುವುದು ಸಾಮಾನ್ಯವಾಗಿ ಎರಡು ರಾತ್ರಿ. ಈ ಎರಡು ರಾತ್ರಿಯ ಲೆಕ್ಕ ನನಗೆ ಬಹಳ ಹಿಡಿಸಿದೆ. ಮೊದಲ ರಾತ್ರಿ ಹೊಸಬರು, ಎರಡನೇ ರಾತ್ರಿ ಪರಿಚಯದವರು, ಮೂರನೇ ರಾತ್ರಿ ಬಚ್ಚಲಿಗೆ ಕ್ಯೂ. ನೀವು 5 ರಾತ್ರಿ ಕೇಳಿದ್ದೀರಿ. ಎರಡು ಕೇಳಿ. ಹೊಂದಿಕೊಂಡರೆ ‘ಇನ್ನೊಂದು ದಿನ ಇರು’ ಅಂತ ಅವರೇ ಅನ್ನುತ್ತಾರೆ.

ಇನ್ನು 14ರಲ್ಲಿ ಒಂದು ಅನ್ನುವ ನಿಮ್ಮ ಸಂಕಟ. ಕೌಚ್‌ಸರ್ಫಿಂಗ್ ಹುಟ್ಟಿದ್ದೇ ಹೀಗೆ. ಕೇಸಿ ಫೆಂಟನ್ ಅನ್ನುವವರಿಗೆ ಐಸ್‌ಲ್ಯಾಂಡ್‌ಗೆ ಅಗ್ಗದ ವಿಮಾನ ಟಿಕೆಟ್ ಸಿಕ್ಕಿತು, ಉಳಿಯಲು ಜಾಗ ಇರಲಿಲ್ಲ. ಅಲ್ಲಿನ ವಿಶ್ವವಿದ್ಯಾಲಯದ ಸುಮಾರು 1,500 ವಿದ್ಯಾರ್ಥಿಗಳಿಗೆ ಇಮೇಲ್ ಹಾಕಿದರು. ಬಾ ಅಂದವರು 50 ಚಿಲ್ಲರೆ. ಅಂದರೆ 30ಕ್ಕೆ ಒಬ್ಬರು. ನಿಮ್ಮದು 14ಕ್ಕೆ ಒಬ್ಬರು. ಅವರಿಗಿಂತ ನೀವೇ ಮೇಲು!

ಈಗ ಜಿಪುಣರ ವಿಷಯ. ಒಬ್ಬರು ಬಂದಿದ್ದರು. ರಾತ್ರಿ 11ಕ್ಕೆ ಬಂದು ಮಲಗುವುದು, ಬೆಳಿಗ್ಗೆ ನಾವು ಏಳುವ ಮುಂಚೆ ಹೊರಡುವುದು. 3 ದಿನದಲ್ಲಿ ಅವರು ನಮ್ಮ ಜೊತೆ ಆಡಿದ ಮಾತು: ವೈಫೈ ಪಾಸ್‌ವರ್ಡ್ ಏನು? ಅವರು ಏನನ್ನೂ ಒಡೆಯಲಿಲ್ಲ, ಕದಿಯಲಿಲ್ಲ, ಗಲೀಜು ಮಾಡಲಿಲ್ಲ. ಆದರೂ ಅವರು ಹೋದ ದಿನ ಹೆಂಡತಿ ‘ಇನ್ನು ಒಂದು ತಿಂಗಳು ಯಾರೂ ಬೇಡ’ ಅಂದಳು. ಇಲ್ಲಿ ಬಾಡಿಗೆ ಅಂತ ಕೊಡಬೇಕಾದ್ದು ಸಂಜೆ ಮನೆಯವರ ಜೊತೆ ಕೂತು ಮಾತಾಡುವ ಹೊತ್ತು. ಅದನ್ನು ಕೊಡಲು ಆಗದ ದಿನ ಇರುತ್ತದೆ. ಸುಸ್ತಾಗಿರುತ್ತೀರಿ, ಯಾರ ಮುಖವೂ ಬೇಡ ಅನ್ನಿಸುತ್ತದೆ. ಅಂಥ ದಿನಕ್ಕೆ ನೇರಮಾತು ಅವರು ಹೇಳಿದ ಹಾಸ್ಟೆಲ್ ಬೆಡ್ಡೇ ಸರಿ. 3 ವಾರದಲ್ಲಿ ಪ್ರತಿ ರಾತ್ರಿಯೂ ಯಾರದೋ ಮನೆಯಲ್ಲಿ ನಗುತ್ತಾ ಕೂರಲು ನನ್ನಿಂದಂತೂ ಆಗಲ್ಲ.

ಹತ್ತು ನಿಮಿಷದವರ ಬಗ್ಗೆ ನನಗಿಂತ ಇಲ್ಲಿನ ಹೆಣ್ಣುಮಕ್ಕಳು ಹೇಳಿದರೆ ಒಳ್ಳೆಯದು.

ಕಿಟಕಿಸೀಟು ಉತ್ತರಿಸಿದ್ದು:

ಒಂಟಿಚೀಲ, ಅವರ ಮನೆಗೆ ಹೋಗಬೇಡ. ನಿನಗೆ ಖುಷಿ ಆಗಲಿಲ್ಲ ಅಂತ ನೀನೇ ಬರೆದಿದ್ದೀಯ. ಅದಕ್ಕಿಂತ ದೊಡ್ಡ ಕಾರಣ ಬೇಕಾ? ನಿನ್ನ ಖಾಲಿ ಪತ್ರಕ್ಕೆ ಹತ್ತು ನಿಮಿಷದಲ್ಲಿ ಒಪ್ಪಿದವರು ಪತ್ರ ಓದಿ ಒಪ್ಪಿದ್ದಲ್ಲ. ಫೋಟೊ ನೋಡಿ ಒಪ್ಪಿದ್ದು. ಜೊತೆಗೆ ಮೊದಲ ಮಾತಿನಲ್ಲೇ ನಂಬರ್ ಕೇಳಿದ್ದಾರೆ. ಮಾತುಕತೆ ವೆಬ್‌ಸೈಟಿನ ಒಳಗೇ ನಡೆದರೆ ನಾಳೆ ದೂರು ಕೊಡಲು ಒಂದು ದಾಖಲೆ ಇರುತ್ತದೆ. ಹೊರಗೆ ಎಳೆದರೆ ಅದೂ ಇಲ್ಲ.

ನಾನು ಒಬ್ಬಳೇ 6 ವರ್ಷದಿಂದ ಹೀಗೆ ಸುತ್ತುತ್ತಿದ್ದೇನೆ. ರೆಫರೆನ್ಸ್ ಎಷ್ಟಿವೆ ಅಂತ ನೋಡುವುದಿಲ್ಲ, ಯಾರು ಬರೆದಿದ್ದಾರೆ ಅಂತ ನೋಡುತ್ತೇನೆ. ಒಬ್ಬ ಗಂಡಸಿನ ಮನೆಗೆ 40 ಜನ ಬಂದಿದ್ದಾರೆ, 40ಕ್ಕೆ 40 ಜನವೂ ಚಿಕ್ಕ ವಯಸ್ಸಿನ ಹುಡುಗಿಯರು. ಎಲ್ಲರೂ ‘ಒಳ್ಳೆಯವರು’ ಅಂತ ಬರೆದಿದ್ದರೂ ನಾನು ಅಲ್ಲಿಗೆ ಹೋಗಲ್ಲ. ದಂಪತಿ, ವಯಸ್ಸಾದವರು, ಗಂಡುಹುಡುಗರು ಎಲ್ಲರೂ ಬಂದುಹೋದ ಮನೆ ಬೇರೆ. ಇನ್ನೊಂದು, ಉದ್ದ ಇರಬೇಕಾದ ಕಡೆ ಚಿಕ್ಕದಾಗಿ ಬರೆದಿದ್ದರೆ ನಿಂತು ಓದು. 4 ರಾತ್ರಿ ಉಳಿದ ಹುಡುಗಿ ‘ಜಾಗ ಕೊಟ್ಟದ್ದಕ್ಕೆ ಧನ್ಯವಾದ’ ಅಂತ ಮಾತ್ರ ಬರೆದಿದ್ದರೆ, ಅವಳು ಏನೋ ನುಂಗಿಕೊಂಡಿದ್ದಾಳೆ. ಜನ ಕೆಟ್ಟದ್ದು ಬರೆಯಲು ಹೆದರುತ್ತಾರೆ, ತಿರುಗಿ ತಮಗೂ ಬರೆದಾರು ಅಂತ. ಅದಕ್ಕೇ ಕೌಚ್‌ಸರ್ಫಿಂಗ್‌ನಲ್ಲಿ ಇಬ್ಬರೂ ಬರೆಯುವ ತನಕ, ಇಲ್ಲವೇ 14 ದಿನ ಕಳೆಯುವ ತನಕ ಒಬ್ಬರದು ಇನ್ನೊಬ್ಬರಿಗೆ ಕಾಣದ ಹಾಗೆ ಮಾಡಿದರು. ಆದರೂ ಜನ ಜನವೇ. ‘ವೆರಿಫೈಡ್’ ಅನ್ನುವ ಗುರುತಿಗೂ ಮರುಳಾಗಬೇಡ. ಮನುಷ್ಯ ಇದ್ದಾನೆ ಅಂತ ಅದರಿಂದ ಗೊತ್ತಾಗುತ್ತದೆ, ಎಂಥವನು ಅಂತ ಅಲ್ಲ.

ಒಪ್ಪಿದ ಮೇಲೂ ನಾಚಿಕೆ ಬಿಟ್ಟು ಕೇಳು: ನಾನು ಎಲ್ಲಿ ಮಲಗುವುದು? ಬೇರೆ ರೂಮಾ? ಒಳಗಿನಿಂದ ಚಿಲಕ ಇದೆಯಾ? ಆ ದಿನ ಮನೆಯಲ್ಲಿ ಯಾರು ಯಾರು ಇರುತ್ತಾರೆ? ನಾನು ಒಂದು ಸಲ ಕೇಳಲಿಲ್ಲ. ಹೋಗಿ ನೋಡಿದರೆ ಇದ್ದದ್ದು ಒಂದೇ ರೂಮ್, ಒಂದೇ ಮಂಚ. ‘ಪ್ರೊಫೈಲಿನಲ್ಲಿ ಬರೆದಿದ್ದೆನಲ್ಲ’ ಅಂದರು. ಬರೆದಿದ್ದರು, ಹೌದು. ಕೆಳಗೆ, ಚಿಕ್ಕದಾಗಿ. ಚೀಲ ಕೆಳಗಿಡದೆ ‘ಕ್ಷಮಿಸಿ, ಬೇರೆ ಕಡೆ ಹೋಗುತ್ತೇನೆ’ ಅಂದೆ. ಆಗ ರಾತ್ರಿ ಒಂಬತ್ತೂವರೆ. ಹಾಗೆ ಹೊರಡಲು ಆದದ್ದು ಧೈರ್ಯದಿಂದ ಅಲ್ಲ. ಎರಡು ರಾತ್ರಿಯ ರೂಮ್ ಬಾಡಿಗೆಯಷ್ಟು ದುಡ್ಡು ಬೇರೆಯೇ ಎತ್ತಿಟ್ಟಿದ್ದೆ, ಹತ್ತಿರದ ಹಾಸ್ಟೆಲ್ ಎಲ್ಲಿದೆ ಅಂತ ಮೊದಲೇ ನೋಡಿದ್ದೆ. ಆ ದುಡ್ಡು ಇಲ್ಲದಿದ್ದರೆ ‘ಹೇಗೋ ಒಂದು ರಾತ್ರಿ’ ಅಂತ ಉಳಿದುಬಿಡುತ್ತಿದ್ದೆನೇನೋ. ಯೋಚಿಸಿದರೆ ಈಗಲೂ ಮೈ ಜುಮ್ ಅನ್ನುತ್ತದೆ.

ಹೊಸ ಊರಿಗೆ ಕತ್ತಲಾದ ಮೇಲೆ ತಲುಪುವುದಾದರೆ ಮೊದಲ ರಾತ್ರಿ ದುಡ್ಡು ಕೊಟ್ಟೇ ಉಳಿ. ಮಾರನೇ ದಿನ ಹಗಲು ಹೊತ್ತಿನಲ್ಲಿ, ನಾಲ್ಕು ಜನ ಓಡಾಡುವ ಕಡೆ ಅವರನ್ನು ಭೇಟಿ ಮಾಡಿ ಆಮೇಲೆ ಮನೆಗೆ ಹೋಗು.

ಅಮ್ಮನಿಗೆ ನಿಜ ಹೇಳು. ಇದು ನೀತಿಪಾಠ ಅಲ್ಲ. ನೀನು ಎಲ್ಲಿದ್ದೀಯ ಅಂತ ಒಬ್ಬರಿಗಾದರೂ ಸರಿಯಾದ ಅಡ್ರೆಸ್ ಗೊತ್ತಿರಬೇಕು. ರಾತ್ರಿ 10ಕ್ಕೆ ನಿನ್ನ ಮೆಸೇಜ್ ಬರದಿದ್ದರೆ ಫೋನ್ ಮೇಲೆ ಫೋನ್ ಮಾಡುವವರು ಇನ್ನು ಯಾರಿದ್ದಾರೆ ಹೇಳು?

ಪೆಡಲ್ ಉತ್ತರಿಸಿದ್ದು:

ಸೈಕಲ್ ಇದ್ದರೆ ಹೇಳಿ. ವಾರ್ಮ್‌ಶವರ್ಸ್ ಅಂತ ಇದೆ, 1993ರಿಂದ. ಸೈಕಲ್ ಪ್ರವಾಸಿಗಳಿಗೆ ಮಾತ್ರ. ಹೆಸರೇ ಬಿಸಿನೀರಿನ ಸ್ನಾನ! ಇಡೀ ದಿನ ಮಳೆಯಲ್ಲಿ ತೊಯ್ದು ಬಂದವನಿಗೆ ಮೊದಲು ಏನು ಬೇಕು ಅಂತ ಆ ಮನೆಯವರಿಗೆ ಕೇಳದೆಯೇ ಗೊತ್ತಿರುತ್ತದೆ, ಅವರೂ ತುಳಿದು ಬಂದವರೇ. ಎಸ್ಪೆರಾಂಟೊ ಭಾಷೆ ಮಾತಾಡುವವರಿಗೂ ಪಸ್ಪೋರ್ಟಾ ಸೆರ್ವೋ ಅಂತ ಇದೆ, 1974ರದ್ದು. ದುಡ್ಡು ಬೇಡ, ಭಾಷೆ ಬರಬೇಕು ಅಷ್ಟೇ. 3 ವಾರದಲ್ಲಿ ಕಲಿಯಲು ಆಗಲ್ಲ ಬಿಡಿ.

ಒಂಟಿಚೀಲ:

ಸೈಕಲ್ ಇಲ್ಲ, ಎಸ್ಪೆರಾಂಟೊನೂ ಇಲ್ಲ :) ಎಲ್ಲರಿಗೂ ಥ್ಯಾಂಕ್ಸ್. ಹತ್ತು ನಿಮಿಷದವರಿಗೆ ಬೇಡ ಅಂತ ಬರೆದೆ. ‘ನೀನೇ ಕಳೆದುಕೊಂಡೆ’ ಅಂತ ಉತ್ತರ ಬಂತು! ಅಕ್ಕ, ನೀವು ಹೇಳಿದ್ದು ಸರಿ.

ಇನ್ನೆರಡು ಪ್ರಶ್ನೆ. ವೀಸಾಕ್ಕೆ ಉಳಿಯುವ ಜಾಗ ತೋರಿಸಬೇಕು. ಹೋಸ್ಟ್, ಅಂದರೆ ಮನೆಯಲ್ಲಿ ಇರಿಸಿಕೊಳ್ಳುವವರ ಕೈಲಿ ಪತ್ರ ಬರೆಸಬಹುದಾ? ದಿನಕ್ಕೆ ಇಷ್ಟು ಗಂಟೆ ಕೆಲಸ ಮಾಡಿದರೆ ಊಟ, ಜಾಗ ಕೊಡುತ್ತಾರಂತಲ್ಲ, ಅದು ಸುಲಭವಾ?

ದಿವಾನ್‌ಕಾಟ್:

ಮುಖ ನೋಡದವರ ಹತ್ತಿರ ವೀಸಾ ಪತ್ರ ಕೇಳಬೇಡಿ. ಕೇಳಿದರೆ ಅಲ್ಲಿಗೆ ಮಾತು ಮುಗಿಯಿತು. ಅದು ನಾಲ್ಕು ಸಾಲು ಗೀಚಿಕೊಡುವ ಪತ್ರ ಅಲ್ಲ. ಉದಾಹರಣೆಗೆ ಫ್ರಾನ್ಸ್‌ನಲ್ಲಿ ಮನೆಯವರೇ ಪುರಸಭೆಗೆ ಹೋಗಿ, ಮನೆ ದಾಖಲೆ ತೋರಿಸಿ, ಫೀಸ್ ಕಟ್ಟಿ, ಇವರನ್ನು ನಮ್ಮ ಮನೆಯಲ್ಲಿ ಇರಿಸಿಕೊಳ್ಳುತ್ತೇವೆ ಅಂತ ಒಂದು ಫಾರಂ ಮಾಡಿಸಬೇಕು. ಯಾರೋ ಗೊತ್ತಿಲ್ಲದವರಿಗೆ ನಾನಾದರೂ ಮಾಡಿಕೊಡಲ್ಲ. ಇಟಲಿಯಲ್ಲಿ ಯುರೋಪಿಯನ್ ಒಕ್ಕೂಟದ ಹೊರಗಿನವರನ್ನು ಮನೆಯಲ್ಲಿ ಇಟ್ಟುಕೊಂಡರೆ 48 ಗಂಟೆಯೊಳಗೆ ಪೊಲೀಸರಿಗೆ ತಿಳಿಸಬೇಕು, ಪುಕ್ಕಟೆಯಾದರೂ. ಹೀಗೆ ಕೆಲವು ಕಡೆ ಕಷ್ಟ ಹೋಸ್ಟ್ ತಲೆಗೆ. ಅದಕ್ಕೇ ‘ನಿಮ್ಮ ಕಡೆ ಏನಾದರೂ ನೋಂದಣಿ ಮಾಡಿಸಬೇಕಾ, ನನ್ನ ಪಾಸ್‌ಪೋರ್ಟ್ ನಕಲು ಬೇಕಾ?’ ಅಂತ ನೀವೇ ಕೇಳಿದರೆ ಮರ್ಯಾದೆ ಹೆಚ್ಚುತ್ತದೆ. ವೀಸಾಕ್ಕೆ ನಿಜವಾಗಿ ಉಳಿಯುವ ರೂಮಿನ ಬುಕಿಂಗ್ ಕೊಡಿ. ಗಡಿಯಲ್ಲಿ ಕೇಳಿದರೆ ಇದ್ದದ್ದನ್ನು ಹೇಳಿ.

ಕೆಲಸ ಮಾಡಿ ಉಳಿಯುವುದು ಬೇರೆ ದಾರಿ. 1971ರಲ್ಲಿ ಇಂಗ್ಲೆಂಡ್‌ನಲ್ಲಿ ಸ್ಯೂ ಕೊಪಾರ್ಡ್ ಅನ್ನುವವರು ಪಟ್ಟಣದ ಜನ ವಾರದ ಕೊನೆಗೆ ಸಾವಯವ ತೋಟಕ್ಕೆ ಹೋಗಿ ಕೆಲಸ ಮಾಡಲಿ ಅಂತ ಶುರು ಮಾಡಿದ್ದು ವೂಫ್. ಈಗ ವರ್ಕ್‌ಅವೇ ತರಹದವೂ ಇವೆ. ಸಾಮಾನ್ಯವಾಗಿ ದಿನಕ್ಕೆ 5 ಗಂಟೆ, ವಾರಕ್ಕೆ 5 ದಿನ ಕೆಲಸ. 3 ವಾರದಲ್ಲಿ 5 ಊರು ನೋಡುವವರಿಗೆ ಇದು ಆಗಿಬರಲ್ಲ. ಅಲ್ಲದೆ ಊಟ, ವಸತಿಗಾಗಿ ಮಾಡುವ ಕೆಲಸವನ್ನೂ ಬಹಳ ದೇಶಗಳು ಕೆಲಸ ಅಂತಲೇ ಎಣಿಸುತ್ತವೆ. ಟೂರಿಸ್ಟ್ ವೀಸಾದಲ್ಲಿ ಸಿಕ್ಕಿಬಿದ್ದರೆ ಅಲ್ಲಿಂದಲೇ ವಾಪಸ್. ಬೇಡ.

ಒಂಟಿಚೀಲ (4 ದಿನದ ನಂತರ):

ಹೊಸ ಪತ್ರ ಬರೆದೆ. ಈ ಸಲ ಮೂರೇ ಜನಕ್ಕೆ, ಮೂರೂ ಬೇರೆ ಬೇರೆ. ಒಂದನ್ನು ಇಲ್ಲಿ ಹಾಕುತ್ತೇನೆ, ತಪ್ಪಿದ್ದರೆ ಹೇಳಿ.

“ನಮಸ್ಕಾರ. ನಾನು ಆಸ್ಪತ್ರೆ ಲ್ಯಾಬ್‌ನಲ್ಲಿ ಕೆಲಸ ಮಾಡುತ್ತೇನೆ. ದಿನವಿಡೀ ಸೂಕ್ಷ್ಮದರ್ಶಕದಲ್ಲಿ ಕಣ್ಣಿಟ್ಟು ಕೂರುವುದು. ನೀವಿಬ್ಬರೂ ಬೆಳಿಗ್ಗೆ ಹಕ್ಕಿ ನೋಡಲು ಹೋಗುತ್ತೀರಿ ಅಂತ ಓದಿದೆ. ನನಗೆ ಹಕ್ಕಿಗಳ ಹೆಸರು ಗೊತ್ತಿಲ್ಲ, ಆದರೆ ಅಲ್ಲಾಡದೆ ಗಂಟೆಗಟ್ಟಲೆ ಕೂರುವ ಅಭ್ಯಾಸ ಇದೆ. 12 ಮತ್ತು 13, ಎರಡು ರಾತ್ರಿ ಉಳಿಯಬಹುದಾ? 12ರಂದು ಮಧ್ಯಾಹ್ನ 3ಕ್ಕೆ ಬಸ್ ಇಳಿಯುತ್ತೇನೆ. ಇದು ನನ್ನ ಮೊದಲ ಒಂಟಿ ಪ್ರಯಾಣ, ಹಾಗಾಗಿ ನನಗೆ ರೆಫರೆನ್ಸ್ ಒಂದೂ ಇಲ್ಲ. ಆಗದಿದ್ದರೂ ಪರವಾಗಿಲ್ಲ, ಹಕ್ಕಿ ನೋಡುವ ಜಾಗ ಯಾವುದು ಅಂತ ಹೇಳಿದರೂ ಸಾಕು.”

ದಿವಾನ್‌ಕಾಟ್:

ಏನೂ ತಿದ್ದಬೇಡಿ. ನಮ್ಮ ಮನೆಯಾಗಿದ್ದರೆ ಹೆಂಡತಿ ಮೂರನೇ ಪ್ರಶ್ನೆ ಕೇಳುತ್ತಿದ್ದಳು: “ಯಾವ ಬಸ್ಸಿಗೆ ಬರ್ತಾಳೆ?” ಬಸ್ ಲೇಟಾದರೆ ಮಾತ್ರ ದಾರಿಯಿಂದಲೇ ಮೆಸೇಜ್ ಹಾಕಿ. ನಾನು ಒಂದು ಸಲ ಸಂಜೆ 8ಕ್ಕೆ ಬರುತ್ತೇನೆ ಅಂದು ರಾತ್ರಿ 11:40ಕ್ಕೆ ಹೋದೆ. ಮೊಬೈಲ್ ಚಾರ್ಜ್ ಮುಗಿದಿತ್ತು. ಬಾಗಿಲು ತೆರೆದ ಹೆಂಗಸು ಬೆಳಿಗ್ಗೆ 5ಕ್ಕೆ ಡ್ಯೂಟಿಗೆ ಹೋಗಬೇಕಿತ್ತು. ಒಂದು ಮಾತೂ ಬಯ್ಯಲಿಲ್ಲ. ‘ಒಳ್ಳೆಯ ಹುಡುಗ, ಆದರೆ ಕಾಯಿಸುತ್ತಾನೆ’ ಅಂತ ರೆಫರೆನ್ಸ್ ಬರೆದರು. ಎರಡು ವರ್ಷ ಎಲ್ಲಿ ಹೋದರೂ ಅದನ್ನೇ ಕೇಳಿದರು.

ನೇರಮಾತು:

ಪತ್ರ ಚೆನ್ನಾಗಿದೆ. ನನ್ನ ಮಾತು ಸ್ವಲ್ಪ ಒರಟಾಯಿತು. ಆದರೂ ರೂಮಿನ ದುಡ್ಡು ಎತ್ತಿಡಿ.

ಒಂಟಿಚೀಲ:

ಎತ್ತಿಟ್ಟಿದ್ದೇನೆ ಸರ್. ಹಕ್ಕಿ ದಂಪತಿ ಒಪ್ಪಿದರು! ಬೇರೆ ರೂಮ್, ಒಳಗೆ ಚಿಲಕ ಇದೆ. ಆದರೆ ಆ ಮಂಚ ಅವರ ಬೆಕ್ಕಿನದಂತೆ, ಹಂಚಿಕೊಳ್ಳಬೇಕಂತೆ. ಬೆಳಿಗ್ಗೆ ನಾಲ್ಕೂವರೆಗೆ ಏಳಬೇಕು, ತೊಂದರೆ ಇಲ್ಲವಾ ಅಂತ ಎರಡು ಸಲ ಕೇಳಿದರು. ಅಮ್ಮನಿಗೂ ಹೇಳಿದೆ. ಅರ್ಧ ಗಂಟೆ ಮಾತಾಡಲಿಲ್ಲ. ಆಮೇಲೆ ಬಂದು ಅಡ್ರೆಸ್ ಬರೆದುಕೊಂಡಳು, ಅವರ ನಂಬರನ್ನೂ ತೆಗೆದುಕೊಂಡಳು. ಈಗ ‘ನಾಲ್ಕೂವರೆಗೆ ನೀನು ಏಳ್ತೀಯಾ?’ ಅಂತ ನಗುತ್ತಿದ್ದಾಳೆ.

ಕಿಟಕಿಸೀಟು:

ಅಲಾರಂ ಎರಡು ಇಡು. ಬೆಕ್ಕಿನ ಫೋಟೊ ಹಾಕು.